ಕಾರ್ಮೆನ್ ಕೇಳುತ್ತಿದ್ದ ಪ್ರಶ್ನೆ

2019ರ ಚಳಿಗಾಲದಲ್ಲಿ ನಾನು ಹೊರದೇಶದ ನ್ಯೂಮಾರ್ಕೆಟ್ ಎಂಬ ಪಟ್ಟಣದ ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿ ಡಯಟಿಷಿಯನ್ ಆಗಿದ್ದೆ. ಯಾರು ಏನು ಉಣ್ಣಬೇಕು, ಎಷ್ಟು ಉಣ್ಣುತ್ತಿದ್ದಾರೆ, ಯಾರ ತೂಕ ಇಳಿಯುತ್ತಿದೆ ಎಂದು ನೋಡುವುದು ನನ್ನ ಕೆಲಸ. ಮೈಸೂರಿನಲ್ಲಿ ಒಂಬತ್ತು ವರ್ಷ, ಇಲ್ಲಿ ಹನ್ನೊಂದು ವರ್ಷ ಅದನ್ನೇ ಮಾಡಿದ್ದರೂ ಕಾರ್ಮೆನ್ ಏಕೆ ಉಣ್ಣುತ್ತಿಲ್ಲ ಎಂಬುದು ನನಗೆ ಹೊಳೆಯಲಿಲ್ಲ.

ಕಾರ್ಮೆನ್ ಮಾಲ್ಟಾ ದ್ವೀಪದವರು, ವಯಸ್ಸು ಎಂಬತ್ತಾರು. ಫೆಬ್ರವರಿಯಲ್ಲಿ ಫ್ಲೂ ಹರಡಿದ್ದರಿಂದ ಊಟದ ಹಾಲ್ ಮುಚ್ಚಿ, ಎಲ್ಲರಿಗೂ ಅವರವರ ಕೋಣೆಗೇ ಟ್ರೇ ಕಳಿಸತೊಡಗಿದೆವು. ಅಲ್ಲಿಯವರೆಗೆ ಚೆನ್ನಾಗಿಯೇ ಉಣ್ಣುತ್ತಿದ್ದ ಕಾರ್ಮೆನ್ ಆಮೇಲೆ ಎರಡು ತುತ್ತಿಗೇ ನಿಲ್ಲಿಸಿಬಿಡುತ್ತಿದ್ದರು. ಫ್ಲೂ ಹೋದ ಮೇಲೂ ನಿತ್ರಾಣದಿಂದ ಕೋಣೆ ಬಿಟ್ಟು ಬರಲಿಲ್ಲ. ಆರು ವಾರಗಳಲ್ಲಿ 51 ಕಿಲೋ ಇದ್ದವರು 45ಕ್ಕೆ ಇಳಿದರು. ಹಲ್ಲು, ಗಂಟಲು, ರಕ್ತಪರೀಕ್ಷೆ ಎಲ್ಲವೂ ಸರಿಯಾಗಿತ್ತು. ನಾನು ಸೂಪ್ ಬದಲಿಸಿದೆ, ಪುಡಿಂಗ್ ಸೇರಿಸಿದೆ, ಏನೂ ಫಲವಾಗಲಿಲ್ಲ. ಡಾಕ್ಟರು ಕಾರ್ಮೆನ್‌ರ ಮಗಳು ರೀಟಾರನ್ನು ಕರೆಸಿ, ಹೊಟ್ಟೆಗೆ ನೇರವಾಗಿ ಆಹಾರ ಹಾಕುವ ಫೀಡಿಂಗ್ ಟ್ಯೂಬಿನ ಮಾತು ತೆಗೆದರು. ಯೋಚಿಸಲು ರೀಟಾ ಒಂದು ವಾರ ಕೇಳಿದರು.

ಆ ವಾರದಲ್ಲೇ ಒಂದು ಮಧ್ಯಾಹ್ನ, ನಮ್ಮಲ್ಲಿ ಆರೈಕೆ ಸಹಾಯಕಿಯಾಗಿದ್ದ ಧಾರವಾಡದ ಶೋಭಾ ನನ್ನನ್ನು ಕಾರಿಡಾರಿನಲ್ಲಿ ತಡೆದರು.

"ಮೇಡಂ, ಈ ಅಜ್ಜಿ ದಿನಾ ನನ್ನ ಒಂದ ಮಾತು ಕೇಳ್ತಾರ್ರಿ, ನಿಂದು ಊಟ ಆತೇನು ಅಂತ. ಆಗೇದ ಅಂತೀನಿ. ಅಷ್ಟ ಅಂದ್ರ ಸಾಕು, ಸ್ಪೂನ್ ಕೆಳಗ ಇಟ್ಟಬಿಡ್ತಾರ."

"ನಿಮ್ಮದು ನಿಜವಾಗಿ ಆಗಿರತ್ತಾ?"

"ಎಲ್ಲಿ ಆಗಿರ್ತದ್ರಿ? ನನ್ನ ಬ್ರೇಕ್ ಇರೋದ ಎರಡಕ್ಕ."

ನಾನೂ ಕಾರ್ಮೆನ್‌ಗೆ ಅದೇ ಉತ್ತರ ಕೊಟ್ಟಿದ್ದೆ. ಊಟ ಆಯ್ತಾ ಅಂದರೆ ಆಯ್ತು ಅನ್ನುವುದು ನಮಗೆ ಬಾಯಿಗೆ ತಾನಾಗಿ ಬರುವ ಮಾತು.

ಸಂಜೆ ರೀಟಾಗೆ ಫೋನ್ ಮಾಡಿ ಇದನ್ನು ಹೇಳಿದೆ. ಅವರು ಅಮ್ಮನ ಬಾಲ್ಯದ ಕಥೆ ಹೇಳಿದರು. 1942ರಲ್ಲಿ ಶತ್ರುಗಳ ವಿಮಾನ, ಸಬ್‌ಮರೀನುಗಳು ಮಾಲ್ಟಾಗೆ ಹಡಗು ಬರುವ ದಾರಿಯನ್ನೇ ಕಟ್ಟಿಹಾಕಿದ್ದವು. ದ್ವೀಪದಲ್ಲಿ ಹಿಟ್ಟು ಮುಗಿಯುತ್ತಾ ಬಂದಿತ್ತು. ಒಂಬತ್ತು ವರ್ಷದ ಕಾರ್ಮೆನ್‌ಗೆ ತಾಯಿ ತನ್ನ ಪಾಲಿನ ಬ್ರೆಡ್ಡನ್ನೂ ಕೊಟ್ಟು, "ನಂದಾಯ್ತು, ನೀನು ತಿನ್ನು" ಅನ್ನುತ್ತಿದ್ದರಂತೆ. ಹುಡುಗಿ ನಂಬಿದ್ದಳು. ಒಂದು ದಿನ ತಾಯಿ ರೇಷನ್ ಸಾಲಿನಲ್ಲೇ ಕುಸಿದು ಬಿದ್ದರು.

ಮರುದಿನ ಮ್ಯಾನೇಜರರ ಒಪ್ಪಿಗೆ ಪಡೆದು, ನನ್ನ ಉಪ್ಪಿಟ್ಟಿನ ಡಬ್ಬಿಯೊಂದಿಗೆ ಕಾರ್ಮೆನ್‌ರ ಎದುರು ಕೂತೆ.

"ನಿನ್ನ ಊಟ ಆಯ್ತಾ?" ಇಂಗ್ಲಿಷಿನಲ್ಲಿ ಅದೇ ಪ್ರಶ್ನೆ.

"ಇಲ್ಲ. ತುಂಬ ಹಸಿವಾಗಿದೆ," ಎಂದು ತಿನ್ನತೊಡಗಿದೆ.

ನಾಲ್ಕನೇ ಚಮಚದವರೆಗೂ ನನ್ನ ಬಾಯಿಯನ್ನೇ ನೋಡಿದರು. ಆಮೇಲೆ ಟ್ರೇಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಬಾಗಿಲಲ್ಲಿದ್ದ ಶೋಭಾ ಮುಖ ತಿರುಗಿಸಿ ಕಣ್ಣೊರೆಸಿಕೊಂಡರು.

ಅಂದಿನಿಂದ ನಾವಿಬ್ಬರೂ ಸರದಿಯ ಮೇಲೆ ಅವರ ಜೊತೆ ಉಂಡೆವು. ಟ್ಯೂಬಿನ ಮಾತು ನಿಂತಿತು. ಜೂನ್ ಹೊತ್ತಿಗೆ ತೂಕ 49 ಕಿಲೋ. ಅಂಥ ಒಂದು ಊಟದ ನಡುವೆ ಕಾರ್ಮೆನ್ ತಾವಾಗಿಯೇ ಹೇಳಿದರು: "ಆ ವರ್ಷ ನಮಗೆ ಆಹಾರ, ಎಣ್ಣೆ ತರಲು ಹದಿನಾಲ್ಕು ಹಡಗು ಹೊರಟಿದ್ದವು, ಬಂದು ಸೇರಿದ್ದು ಐದು. ಎಣ್ಣೆಯ ಹಡಗನ್ನಂತೂ ಮುಳುಗದ ಹಾಗೆ ಎರಡು ಯುದ್ಧನೌಕೆಗಳ ನಡುವೆ ಕಟ್ಟಿ ತಂದರು. ಬಂದರಿನಲ್ಲಿ ಎಲ್ಲರೂ ಕೂಗಿ ಕುಣಿದರು. ನನಗೆ ಏನೂ ಅನ್ನಿಸಲಿಲ್ಲ. ಬಹಳ ದಿನದ ಮೇಲೆ ಅಮ್ಮ ನನ್ನ ಎದುರಿಗೆ ಕೂತು ಒಂದು ಇಡೀ ಬ್ರೆಡ್ ತಿಂದಳು. ನನ್ನ ಪಾಲಿಗೆ ಹಡಗು ಬಂದದ್ದು ಆವತ್ತು."

ನಮ್ಮ ಫಾರ್ಮಿನಲ್ಲಿ ಏನು ತಿಂದರು, ಎಷ್ಟು ತಿಂದರು ಎಂಬ ಎರಡೇ ಕಾಲಂ ಇರುತ್ತವೆ. ಕಾರ್ಮೆನ್ ನಂತರ ನಾನು ಪಕ್ಕದಲ್ಲಿ ಪೆನ್ನಿನಿಂದ ಗೆರೆ ಎಳೆದು ಮೂರನೆಯದನ್ನು ಸೇರಿಸುತ್ತೇನೆ: ಯಾರ ಜೊತೆ.