ಹುಡುಗಿಯರ ಪಂದ್ಯಕ್ಕೂ ಅದೇ ಸೀಟಿ

ರಾಣೆಬೆನ್ನೂರಿನ ಬಾಸ್ಕೆಟ್‌ಬಾಲ್ ಪಂದ್ಯಾವಳಿಯಲ್ಲಿ ರೆಫರಿಯಾಗಿದ್ದ ನನಗೆ ಹುಡುಗಿಯರ ಪಂದ್ಯ ಕೊಟ್ಟಿದ್ದರು. ಬ್ಯಾಡಗಿ ತಂಡದ ನಾಯಕಿ ಚೆಂಡು ಪುಟಿಸದೆ ಓಡಿದಾಗಲೆಲ್ಲ ಸೀಟಿ ಊದಿದೆ. ಜೊತೆಗಿದ್ದ ಹಿರಿಯ ರೆಫರಿಗೆ ಬೇಸರವಾಯಿತು.

"ಹುಡುಗ್ಯಾರ ಆಟ ಐತ್ರಿ ಮೇಡಂ, ಸ್ವಲ್ಪ ಬಿಟ್ಟುಬಿಡ್ರಿ. ಲಗೂ ಮುಗಿಸಿ ಹುಡುಗರ ಮ್ಯಾಚ್ ಶುರು ಮಾಡೂಣು."

"ಹುಡುಗರಿಗೂ ಹಿಂಗ ಬಿಡತೀರೇನ್ರಿ ಸರ್?" ಎಂದೆ.

ವಿರಾಮದಲ್ಲಿ ನಾಯಕಿ ಸಿಟ್ಟಿನಿಂದಲೇ ಬಂದಳು. "ಇಷ್ಟು ದಿನ ಯಾರೂ ತಪ್ಪು ಅಂದಿಲ್ಲರೀ ಮೇಡಂ. ಕಾಲು ಹೆಂಗ ಇಡಬೇಕು, ತೋರಸ್ರಿ."

ಎದುರು ತಂಡದವರನ್ನೂ ಕರೆದು ತೋರಿಸಿದೆ. ಆಮೇಲೆ ಆಕೆ ಸರಿಯಾಗಿ ಪುಟಿಸುತ್ತ ಹೋಗಿ ಬಾಸ್ಕೆಟ್ ಹಾಕಿದಳು. ಆದರೂ ಬ್ಯಾಡಗಿ ಸೋತಿತು.

ಈಗ ಹಾವೇರಿಯ ಪಂದ್ಯಾವಳಿಗೆ ರೆಫರಿಯಾಗಿ ಕರೆದರೂ ಹುಡುಗಿಯರ ಪಂದ್ಯವನ್ನೇ ಕೇಳಿ ಪಡೆಯುತ್ತೇನೆ. ಒಂದು ತಪ್ಪನ್ನೂ ಬಿಡುವುದಿಲ್ಲ.