ತೋಳಿನ ಮೇಲಿನ ಗುರುತು

ಆ ವರ್ಷ ಶಾಲೆಗೆ ಮಕ್ಕಳು ಬರುತ್ತಿರಲಿಲ್ಲ, ಹಾಗಂತ ನಮಗೆ ರಜೆಯೂ ಇರಲಿಲ್ಲ. ಬೆಳಿಗ್ಗೆ ಶಿವಮೊಗ್ಗದ ಹೊಸಮನೆಯಿಂದ ಹೊರಟು ಬಸ್ಸು ಹಿಡಿದು ಭದ್ರಾವತಿಗೆ ಹೋಗುವುದು, ಓಲ್ಡ್ ಟೌನಿನಲ್ಲಿ ನನಗೆ ಹಂಚಿದ ಬೀದಿಯಲ್ಲಿ ಮನೆ ಮನೆ ತಿರುಗುವುದು, ಕೊರೊನಾ ಲಸಿಕೆ ಹಾಕಿಸಿಕೊಳ್ಳದವರನ್ನು ಒಪ್ಪಿಸಿ ನಮ್ಮ ಶಾಲೆಗೆ ಕರೆತರುವುದು. ಇದು ನನ್ನ ಡ್ಯೂಟಿ. ವಾರಕ್ಕೆರಡು ದಿನ ಅಲ್ಲೇ ಲಸಿಕೆ ಹಾಕುತ್ತಿದ್ದರು. ನಾಲ್ಕನೇ ಕ್ಲಾಸಿನ ಟೀಚರು ನಾನು, ಗದರಿಸಿ ಒಪ್ಪಿಸುವುದು ನನಗೆ ಚೆನ್ನಾಗಿಯೇ ಬರುತ್ತದೆ. ತೊಂದರೆ ಒಂದೇ. ನಾನೇ ಹಾಕಿಸಿಕೊಂಡಿರಲಿಲ್ಲ.

ಹೆದರಿಕೆ. ಅದಕ್ಕೆ ಬೇರೆ ಹೆಸರು ಕೊಟ್ಟು ಪ್ರಯೋಜನವಿಲ್ಲ. ನಮ್ಮ ಎದುರು ಮನೆಯವರು ಲಸಿಕೆ ಹಾಕಿಸಿಕೊಂಡ ಮೂರನೆಯ ದಿನ ಎದೆ ಹಿಡಿದುಕೊಂಡು ಕುಸಿದವರು ಮತ್ತೆ ಏಳಲಿಲ್ಲ. ಅವರಿಗೆ ವರ್ಷಗಳಿಂದ ಹೃದಯದ ಕಾಯಿಲೆ ಇತ್ತೆಂದು ಇಡೀ ಬೀದಿಗೆ ಗೊತ್ತು, ನನಗೂ ಗೊತ್ತು. ಗೊತ್ತಿದ್ದು ಏನು ಬಂತು? ಹಿಂದಿನ ಸಂಜೆಯಷ್ಟೇ ಅವರು ನಮ್ಮ ಗೇಟಿನ ಹತ್ತಿರ ನಿಂತು, ತೋಳು ಸ್ವಲ್ಪ ನೋಯ್ತಿದೆ ನೋಡಿ ಎಂದು ನಕ್ಕಿದ್ದರು. ಆ ನಗು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಹೆಡ್ಮಾಸ್ಟರು ಕೇಳಿದಾಗ ಒಂದು ಸಲ ನೆಗಡಿ ಎಂದೆ, ಇನ್ನೊಂದು ಸಲ ತಿಂಗಳ ತೊಂದರೆ ಎಂದೆ. ಪಾಪ, ಅವರು ಮುಂದೆ ಕೇಳಲಿಲ್ಲ. ಬೀದಿಯಲ್ಲಿ ಮಾತ್ರ, ಮೊಬೈಲಲ್ಲಿ ಬಂದದ್ದನ್ನೆಲ್ಲ ನಂಬ್ತೀರಲ್ಲ ಎಂದು ಜನರನ್ನು ಬೈಯುತ್ತಿದ್ದೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುತ್ತಾರಲ್ಲ, ಆ ಜಾತಿ ನಾನು.

ಆ ಬೀದಿಯಲ್ಲಿ ಹೂ ಕಟ್ಟಿ ಮಾರುವ ಒಬ್ಬ ಅಜ್ಜಿ ಇದ್ದರು. ಜೊತೆಗೆ ಮಗಳು. ಮಗಳಿಗೆ ಸಕ್ಕರೆ ಕಾಯಿಲೆ ಜೋರಾಗಿತ್ತು, ಕಾಲಿನ ಗಾಯ ತಿಂಗಳಾದರೂ ಮಾಯುತ್ತಿರಲಿಲ್ಲ. ಆಕೆಗೆ ಲಸಿಕೆ ಬೇಗ ಹಾಕಿಸಬೇಕೆಂದು ನನಗೆ ನಿಜವಾಗಿಯೂ ಆತಂಕವಿತ್ತು. ಆಕೆ ಮಾತ್ರ, “ಅಮ್ಮ ಹಾಕಿಸ್ಕೊಂಡ್ರೆ ನಾನೂ ಹಾಕಿಸ್ಕೊಳ್ತೀನಿ” ಎಂದು ಕೂತಿದ್ದಳು. ಬೀದಿಯ ಅರ್ಧ ಜನರದ್ದೂ ಅದೇ ಮಾತು, ಅಜ್ಜಿ ಏನಂತಾರೆ ನೋಡೋಣ ಎಂದು.

ಅಜ್ಜಿ ಜಗಲಿಯ ಮೇಲೆ ಕೂತು ಕನಕಾಂಬರ ಕಟ್ಟುತ್ತ ನನ್ನ ಭಾಷಣವನ್ನೆಲ್ಲ ಕೇಳಿದರು. ಆಮೇಲೆ, “ನೀವು ಹಾಕಿಸ್ಕೊಂಡ್ರಾ ಟೀಚರಮ್ಮ?” ಎಂದರು.

“ಹೂಂ ಅಜ್ಜಿ, ಆಗಲೇ.”

“ಎಲ್ಲಿ, ಗುರುತು ತೋರ್ಸಿ.”

ನನಗೆ ಅರ್ಥವಾಗಲಿಲ್ಲ. ಅಜ್ಜಿ ತಮ್ಮ ತೋಳಿನ ಮೇಲಿಂದ ಸೆರಗು ಸರಿಸಿದರು. ನಾಲ್ಕಾಣೆ ಅಗಲದ ಎರಡು ಹಳೆಯ ಕಲೆಗಳು. “ನಾ ಸಣ್ಣೋಳಿದ್ದಾಗ ಸಿಡುಬು ಬರ್ದೇ ಇರ್ಲಿ ಅಂತ ದಾಕು ಹಾಕೋರು ಬರ್ತಿದ್ರು. ನಮ್ಮಜ್ಜಿ ಹೆದ್ರಿ ನನ್ ತಂಗೀನ ಭತ್ತ ತುಂಬೋ ಪಣತದೊಳಗೆ ಬಚ್ಚಿಟ್ರು. ನಾ ಸಿಕ್ಕಾಕ್ಕೊಂಡೆ. ಗುಳ್ಳೆ ಎದ್ದು ಗುರುತು ನಿಂತ್ರೆ ಮದ್ದು ಹಿಡೀತು ಅಂತ. ಇಲ್ದಿದ್ರೆ ಎಂಟು ದಿನಕ್ಕೆ ಬಂದು ಮತ್ತೆ ಹಾಕೋರು.”

“ನಿಮ್ಮ ತಂಗಿ?”

“ಮುಂದಿನ ಬೇಸಿಗೇಲಿ ಸಿಡುಬಿನಮ್ಮ ಬಂದ್ಳು. ಕರ್ಕೊಂಡು ಹೋದ್ಳು.”

ಆಗ ನಾನು ಮಾಡಿದ್ದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ರವಿಕೆಯ ಎಡತೋಳು ಮೇಲೆತ್ತಿ, ಹುಟ್ಟಿದಾಗ ಕ್ಷಯ ಬಾರದಿರಲೆಂದು ಚುಚ್ಚಿದ್ದ ಲಸಿಕೆಯ ಕಲೆಯನ್ನು ತೋರಿಸಿದೆ. ನನ್ನ ವಯಸ್ಸಿನವರಲ್ಲಿ ಹೆಚ್ಚಿನವರ ತೋಳಿನಲ್ಲೂ ಅದು ಇರುತ್ತದೆ. ಅಜ್ಜಿ ಒದ್ದೆ ಬೆರಳಿನಿಂದ ಅದನ್ನು ಮುಟ್ಟಿ ನೋಡಿ, “ಚೆನ್ನಾಗಿ ಹಿಡಿದಿದೆ” ಎಂದರು. ಮರುದಿನ ಅವರಾಗಿಯೇ ಶಾಲೆಗೆ ಬಂದು ಲಸಿಕೆ ಹಾಕಿಸಿಕೊಂಡು ಹೋದರು.

ಒಂದು ವಾರ ಕಳೆದು ಹೋದರೆ ಬೀದಿಯೇ ಬದಲಾಗಿತ್ತು. ಬರುತ್ತೇನೆ ಎಂದಿದ್ದವರೆಲ್ಲ ನನ್ನನ್ನು ಕಂಡು ಬಾಗಿಲು ಮುಂದೆ ಮಾಡಿದರು. ನಲ್ಲಿಯ ಹತ್ತಿರ ಒಬ್ಬಾಕೆ ಮುಖಕ್ಕೇ ಹೇಳಿದಳು: “ನಿಮ್ಮಂಥೋರಿಗೆ ಮದ್ದು, ನಮಗೆ ಬರೀ ನೀರು. ಅದಕ್ಕೆ ಯಾಕ್ ಬರ್ಬೇಕು?” ಅಜ್ಜಿ ದಿನಾ ಬೆಳಿಗ್ಗೆ ಕಿಟಕಿಯ ಬೆಳಕಿಗೆ ತೋಳು ಹಿಡಿದು ನೋಡುತ್ತಿದ್ದರಂತೆ. ಗುಳ್ಳೆ ಏಳಲಿಲ್ಲ, ಗುರುತು ಬೀಳಲಿಲ್ಲ. ಟೀಚರಮ್ಮಂಗೆ ಹಿಡಿದಿದೆ, ನಂಗೆ ಹಿಡಿದಿಲ್ಲ ಎಂದು ಹೂ ತಗೊಳ್ಳಲು ಬಂದವರಿಗೆಲ್ಲ ಹೇಳಿದ್ದರು. ಮಗಳು, “ನಾ ಬರಲ್ಲ ಟೀಚರ್” ಎಂದು ಒಳಗೆ ಹೋದಳು. ಅದೇ ವಾರ ಹಿಂದಿನ ಬೀದಿಯಿಂದ ಕೊರೊನಾ ಬಂದ ಸಕ್ಕರೆ ಕಾಯಿಲೆಯವರೊಬ್ಬರನ್ನು ಆಂಬುಲೆನ್ಸಿನಲ್ಲಿ ಒಯ್ದಿದ್ದರು.

ನನಗೆ ಮೊದಲು ಬಂದದ್ದು ಸಿಟ್ಟು. “ಏನಜ್ಜಿ, ಬಾಯಿಗೆ ಬಂದಿದ್ದು ಹೇಳ್ಕೊಂಡು ಊರಿಗೆಲ್ಲ ಹಬ್ಬಿಸ್ತೀರಲ್ಲ” ಎಂದೆ. ಅಜ್ಜಿ ತೋಳು ಚಾಚಿದರು. ಎಲ್ಲರಿಗೂ ಗುರುತು ಬೀಳಲ್ಲ ಅಜ್ಜಿ ಎಂಬ ಇನ್ನೊಂದು ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. ಅದನ್ನೂ ನಂಬುತ್ತಿದ್ದರು. ಆದರೆ ಆ ತೋಳಿನ ಹಳೆಯ ಕಲೆಗಳನ್ನು ನೋಡಿಕೊಂಡು ಅದನ್ನು ಹೇಳಲು ನನ್ನಿಂದ ಆಗಲಿಲ್ಲ. ಕೂತು ಎಲ್ಲ ಹೇಳಿದೆ. ನಾನು ತೋರಿಸಿದ ಕಲೆ ಯಾವುದು, ಈ ಲಸಿಕೆಗೆ ಗುರುತೇ ಬೀಳುವುದಿಲ್ಲ, ನಾನಿನ್ನೂ ಹಾಕಿಸಿಕೊಂಡಿಲ್ಲ, ಎದುರು ಮನೆಯವರು ಮೂರನೆಯ ದಿನ ಹೋಗಿಬಿಟ್ಟರು, ಎಲ್ಲವನ್ನೂ.

ಬೈಗುಳಕ್ಕೆ ಕಾದೆ. ಅಜ್ಜಿ ಬಾಳೆನಾರನ್ನು ಹಲ್ಲಿನಿಂದ ಸೀಳಿ ಪಕ್ಕಕ್ಕಿಟ್ಟರು. “ನಂಗೂ ಹೆದ್ರಿಕೆ ಇತ್ತು. ನಿನ್ ಕೈ ನೋಡಿ ಹೋದೆ” ಎಂದರು. ನನ್ನನ್ನು ಅವರು ನೀನು ಎಂದದ್ದು ಅದೇ ಮೊದಲು. ಅಳು ಬಂತು. ಅಜ್ಜಿ ಸಮಾಧಾನ ಮಾಡಲಿಲ್ಲ, ನನ್ನ ಮೊಬೈಲ್ ನಂಬರನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆಸಿಕೊಂಡರು.

ಮುಂದಿನ ಸರದಿಯ ದಿನ ಅಜ್ಜಿ ನನ್ನ ಜೊತೆ ಶಾಲೆಗೆ ಬಂದರು. ಮಗಳೂ ಬಂದಳು, ಬಾಗಿಲಲ್ಲೇ ನಿಂತಳು. ನನ್ನದೇ ಕ್ಲಾಸಿನ ಬೆಂಚಿನ ಮೇಲೆ ಕೂತು ನಾನು ಕಣ್ಣು ಮುಚ್ಚಿದೆ. ಚುಚ್ಚಿದ್ದು ಗೊತ್ತೇ ಆಗಲಿಲ್ಲ. “ಈಗ ನೀವು ಬನ್ನಿ” ಎಂದು ಮಗಳನ್ನು ಕರೆದೆ. ಅಜ್ಜಿ, “ಇವತ್ತು ಬೇಡ” ಎಂದು ಅವಳನ್ನು ಕರೆದುಕೊಂಡು ಹೊರಟುಬಿಟ್ಟರು. ನನಗೆ ಬೇಸರವಾಯಿತು. ಇಷ್ಟೆಲ್ಲ ಆದಮೇಲೂ ನಂಬಲಿಲ್ಲವಲ್ಲ ಎಂದುಕೊಂಡೆ.

ಮೊದಲ ದಿನ ಜ್ವರ. ಎರಡನೆಯ ದಿನ ಮೈಕೈ ನೋವು. ಮೂರನೆಯ ದಿನ ಬೆಳಿಗ್ಗೆ ಎದ್ದವಳೇ ಎದೆಯ ಮೇಲೆ ಕೈಯಿಟ್ಟು ಕೂತೆ. ಕಿಟಕಿಯಿಂದ ಎದುರು ಮನೆಯ ಗೇಟು ಕಾಣುತ್ತಿತ್ತು. ಕಾಫಿ ಮಾಡಿದೆ, ಕುಡಿಯಲಾಗಲಿಲ್ಲ. ಅಷ್ಟರಲ್ಲಿ ಫೋನು ಬಂತು. ಗೊತ್ತಿಲ್ಲದ ನಂಬರು.

“ಇದೀಯಾ ಮಾರಾಯ್ತಿ?”

ಅಜ್ಜಿಯ ದನಿ.

“ಇದೀನಿ ಅಜ್ಜಿ.”

“ಎದೆ ಗಿದೆ ನೋವು?”

“ಇಲ್ಲ ಅಜ್ಜಿ.”

ಆಚೆ ಕಡೆ ಅಜ್ಜಿ ಉಸಿರು ಬಿಟ್ಟದ್ದು ಕೇಳಿಸಿತು. “ಸರಿ ಹಾಗಾದ್ರೆ, ಇವತ್ತು ಮಗಳನ್ನ ಕಳಿಸ್ತೀನಿ” ಎಂದು ಫೋನಿಟ್ಟರು.