ಹಿರೇಕೊಡಿಗೆಯ ಅತ್ತೆ ಮತ್ತು ಮುನ್ನೂರು ಪದಗಳ ಸಾರಾಂಶ

2006ರಲ್ಲಿ ನಾನು ವಿಶ್ವವಿದ್ಯಾಲಯವೊಂದರ ಭಾಷಾವಿಜ್ಞಾನ ವಿಭಾಗದಲ್ಲಿ ರೀಡರ್ ಆಗಿದ್ದೆ. ನನ್ನ ಮೂವರು ಪಿಎಚ್.ಡಿ. ವಿದ್ಯಾರ್ಥಿಗಳು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಕ್ಷೇತ್ರಕಾರ್ಯ ನಡೆಸುತ್ತಿದ್ದರು. ಆ ಬೇಸಿಗೆಯಲ್ಲಿ ಕೊಪ್ಪದ ಕಾಲೇಜೊಂದರ ಕೊಠಡಿ ಕೇಳಿ ಪಡೆದು, ಹತ್ತು ದಿನ ಅವರಿಗೆ ಸಮ್ಮೇಳನದ ಅಬ್‌ಸ್ಟ್ರಾಕ್ಟ್ ಬರೆಯುವುದನ್ನು ಕಲಿಸಿದೆ. ಅಬ್‌ಸ್ಟ್ರಾಕ್ಟ್ ಎಂದರೆ ಮುನ್ನೂರು ಪದಗಳ ಸಾರಾಂಶ. ಬರೆದವರ ಹೆಸರು ಮುಚ್ಚಿ ಅದನ್ನು ಪರಿಶೀಲಕರಿಗೆ ಕೊಡುತ್ತಾರೆ. ಅವರು ಒಪ್ಪಿದರಷ್ಟೇ ಪ್ರಬಂಧ ಮಂಡಿಸಲು ಅವಕಾಶ.

ನಮ್ಮ ವಿದ್ಯಾರ್ಥಿಗಳಿಗೆ ಒಂದು ಚಾಳಿ. ‘ಈ ಪ್ರಬಂಧದಲ್ಲಿ ಚರ್ಚಿಸಲಾಗುವುದು’ ಎಂದು ಬರೆದು ಕೈತೊಳೆದುಕೊಳ್ಳುವುದು. “ಚರ್ಚೆ ಯಾರಿಗೆ ಬೇಕು? ಏನು ಸಿಕ್ಕಿತು, ಎಷ್ಟು ಮನೆಯಲ್ಲಿ ಸಿಕ್ಕಿತು, ಅದನ್ನು ಹೇಳಿ” ಎಂದು ದಿನಾ ಕೆಂಪು ಪೆನ್ನಿನಲ್ಲಿ ಹೊಡೆದುಹಾಕುತ್ತಿದ್ದೆ.

ವಿನುತಾ ಶೆಟ್ಟಿಕೊಪ್ಪದ ಹುಡುಗಿ. ಮಲೆನಾಡಿನ ಮನೆಗಳಿಗೆ ಹಾವೇರಿ, ಗದಗದ ಕಡೆಯಿಂದ ಸೊಸೆಯಾಗಿ ಬಂದವರ ಮಾತು ಹೇಗೆ ಬದಲಾಗುತ್ತದೆ ಎಂಬುದು ಅವಳ ವಿಷಯ. ಫೆಲೋಶಿಪ್ ಆ ವರ್ಷವೇ ಮುಗಿಯುತ್ತಿತ್ತು. ಈ ಸಮ್ಮೇಳನ ತಪ್ಪಿದರೆ ಥೀಸಿಸ್ ಸಲ್ಲಿಸುವುದಕ್ಕೇ ತೊಡಕು. ಅಬ್‌ಸ್ಟ್ರಾಕ್ಟ್ ಕಳಿಸಲು ಗೈಡ್ ಆದ ನನ್ನ ಸಹಿ ಬೇಕು.

ಐದನೆಯ ದಿನ ಅವಳು ತಿದ್ದಿ ತಂದ ಸಾರಾಂಶದಲ್ಲಿ ಹೀಗಿತ್ತು: ‘ಹದಿನಾಲ್ಕು ಮನೆಗಳ ಪೈಕಿ ಹನ್ನೊಂದರಲ್ಲಿ ಮಾತು ಬದಲಿಸಿಕೊಂಡವಳು ಸೊಸೆಯಲ್ಲ, ಅತ್ತೆ.’

ನನಗೆ ನಂಬಿಕೆ ಬರಲಿಲ್ಲ. ಮೊನ್ನೆಯವರೆಗೆ ‘ಕೆಲವು ಮನೆಗಳಲ್ಲಿ’ ಎನ್ನುತ್ತಿದ್ದವಳಿಗೆ ಹನ್ನೊಂದು ಎಲ್ಲಿಂದ ಬಂತು? ನನ್ನ ಕಾಟ ತಡೆಯಲಾರದೆ ಸೃಷ್ಟಿಸಿದಳೇ? ಅದೂ ಅಲ್ಲದೆ, ಸೊಸೆಗಾಗಿ ಮಾತು ಬದಲಿಸಿಕೊಂಡ ಅತ್ತೆಯನ್ನು ನಾನು ಕಂಡವನಲ್ಲ. ಸ್ವಭಾವತಃ ಅನುಮಾನದ ಮನುಷ್ಯ ನಾನು. ಅವಳನ್ನೇ ಕೂರಿಸಿ ಕೇಳಬಹುದಿತ್ತು, ಕೇಳಲಿಲ್ಲ. ಅವಳು ಊಟಕ್ಕೆ ಹೋದಾಗ ಚೀಲದಲ್ಲಿದ್ದ ಕ್ಷೇತ್ರ ಡೈರಿ ತೆರೆದೆ. ಮಾಹಿತಿ ಕೊಟ್ಟವರ ಗುರುತು ಗುಟ್ಟಾಗಿಡುವುದು ನಮ್ಮ ವೃತ್ತಿಯ ನಿಯಮ. ಗೈಡ್‌ಗೆ ನೋಡುವ ಹಕ್ಕಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಅವಳು ಎಣಿಸಿದ್ದ ಹನ್ನೊಂದರಲ್ಲಿ ಕೊಪ್ಪಕ್ಕೆ ಹತ್ತಿರವಿದ್ದ ಏಳನೇ ಮನೆಯ ಎದುರು ಹಿರೇಕೊಡಿಗೆ, ಸಾವಿತ್ರಮ್ಮ, ಸೊಸೆ ಗಂಗಾ ಎಂದಿತ್ತು.

ಮರುದಿನ ಬೆಳಿಗ್ಗೆ ಬಸ್ಸು ಹತ್ತಿದೆ. ಸಾವಿತ್ರಮ್ಮನ ಯಜಮಾನರು ಜಗಲಿಯಲ್ಲಿ ಕೂರಿಸಿ ಬೆಲ್ಲ ನೀರು ಕೊಡಿಸಿದರು. ಅವರ ಎದುರಿಗೇ ನಾನು ಕೇಳಿಬಿಟ್ಟೆ, “ಅಮ್ಮಾ, ಸೊಸೆ ಬಂದ ಮೇಲೆ ನೀವು ಅವಳ ಕಡೆಯ ಮಾತು ಕಲಿತಿರಂತೆ, ಹೌದೇ?”

ಯಜಮಾನರು ಜೋರಾಗಿ ನಕ್ಕರು. “ಅತ್ತೆ ಸೊಸೆ ಹತ್ರ ಪಾಠ ಹೇಳಿಸ್ಕೊಳ್ಳೋದಾ? ನಮ್ಮನೆ ಇನ್ನೂ ಅಷ್ಟು ಕೆಟ್ಟಿಲ್ಲ ಮಾರಾಯ್ರೇ.”

ಸಾವಿತ್ರಮ್ಮನ ಮುಖ ಬಿಗಿಯಿತು. “ಎಂತ ಮಾತು ಅಂತ ಕೇಳ್ತೀರಿ? ಬಂದವಳು ಕಲೀಬೇಕು. ನಾನೆಂತಕ್ಕೆ ಕಲೀಲಿ?” ಬಾಗಿಲ ಬಳಿ ನಿಂತಿದ್ದ ಗಂಗಾ ಒಳಗೆ ಹೋದಳು.

ಕಳ್ಳತನ ಹಿಡಿದವನ ಹುಮ್ಮಸ್ಸಿನಲ್ಲಿ ಕೊಪ್ಪಕ್ಕೆ ಮರಳಿದೆ. “ಸಹಿ ಹಾಕಲ್ಲ ವಿನುತಾ. ಏಳನೇ ಮನೆ ಸುಳ್ಳು. ನಾನೇ ಹೋಗಿ ಕೇಳಿ ಬಂದಿದೀನಿ” ಎಂದೆ.

ಅವಳು ಬಿಳಿಚಿಕೊಂಡಳು. ಚೀಲದಿಂದ ಟೇಪ್ ರೆಕಾರ್ಡರ್ ತೆಗೆದು ಹಚ್ಚಿದಳು. ಪಾತ್ರೆಯ ಸದ್ದಿನ ನಡುವೆ ಸಾವಿತ್ರಮ್ಮನದೇ ದನಿ: “ಗಂಗಾ, ಸಾಕಾತು ಬಿಡವಾ, ಇಲ್ಲಿ ಕುಂದ್ರು ಬಾ.” ಆಮೇಲೆ ವಿನುತಾಳಿಗೆ ಹೇಳಿದ್ದು: “ಬಂದ ಹೊಸತರಲ್ಲಿ ಇವಳು ಬಾಯೇ ಬಿಡ್ತಿರ್ಲಿಲ್ಲ. ನಾನು ಇವಳ ಹಾಂಗೆ ಮಾತಾಡಿದ್ಮೇಲೆ ನಕ್ಕಳು ನೋಡು. ನಮ್ಮನೆಯವರ ಹತ್ರ ಮಾತ್ರ ಹೇಳ್ಬೇಡ ಮಾರಾಯ್ತಿ, ನಗಾಡ್ತಾರೆ.”

ಉಳಿದ ಹತ್ತು ಮನೆಗಳ ಟೇಪನ್ನೂ ಅವಳು ಒಂದೊಂದಾಗಿ ಕೇಳಿಸಿದಳು. ಅಂಕಿ ಸರಿಯಾಗಿಯೇ ಇತ್ತು. ಎಲ್ಲ ಟೇಪ್ ಎರಡು ಸಲ ಕೇಳಿ ಖಾತ್ರಿಯಾಗುವ ತನಕ ಅವಳು ಸಂಖ್ಯೆ ಬರೆದಿರಲಿಲ್ಲ, ಅಷ್ಟೆ. ನನಗೆ ನಾಚಿಕೆಯಾಯಿತು. ಅವಳ ಕ್ಷಮೆ ಕೇಳಿ ಸಹಿ ಹಾಕಿದೆ.

ಆದರೆ ವಿನುತಾ ಅದನ್ನು ಕಳಿಸಲಿಲ್ಲ. ಮೊದಲು ಹಿರೇಕೊಡಿಗೆಗೆ ಹೋಗಿ ಬಂದಳು.

“ಅತ್ತೆ ಈಗ ಸೊಸೆ ಹತ್ರ ನಮ್ಮ ಕಡೆ ಮಾತೇ ಆಡ್ತಾರೆ ಸಾರ್, ಯಜಮಾನರಿಗೆ ಕೇಳೋ ಹಾಂಗೆ. ಗಂಗಾ ಹೂಂ, ಉಹೂಂ ಅಂತಾಳೆ, ಮತ್ತೆಂತೂ ಇಲ್ಲ.” ಹಾಳೆಯನ್ನು ನನ್ನ ಮುಂದಿಟ್ಟಳು. “ಈ ಮನೇನ ಈಗ ಎಲ್ಲಿ ಸೇರಿಸ್ಲಿ ಸಾರ್? ಹನ್ನೊಂದರಲ್ಲಾ, ಮೂರರಲ್ಲಾ?”

ಅವಳೇ ಪೆನ್ನು ತೆಗೆದು, ಆ ಮನೆಯನ್ನು ಲೆಕ್ಕದಿಂದಲೇ ಬಿಟ್ಟು, ‘ಹದಿಮೂರರಲ್ಲಿ ಹತ್ತು’ ಎಂದು ತಿದ್ದಿದಳು. ಸಮ್ಮೇಳನದವರು ಒಪ್ಪಿದರು, ಅವಳ ಥೀಸಿಸ್ಸೂ ಸಕಾಲಕ್ಕೆ ಮುಗಿಯಿತು.

ಅನುಮಾನಪಡುವುದು ಗೈಡ್‌ನ ಕೆಲಸ, ಅದನ್ನು ನಾನು ನಿವೃತ್ತಿಯವರೆಗೂ ಬಿಡಲಿಲ್ಲ. ಆದರೆ ಅಂದಿನಿಂದ ನನ್ನ ಅನುಮಾನವನ್ನು ವಿದ್ಯಾರ್ಥಿಯ ಮುಂದೆಯೇ ಇಡುತ್ತಿದ್ದೆ, ಅವರನ್ನು ನಂಬಿ ಬಾಯಿಬಿಟ್ಟವರ ಮನೆಬಾಗಿಲಿಗೆ ಒಯ್ಯುತ್ತಿರಲಿಲ್ಲ. ವಿನುತಾ ನನ್ನನ್ನು ಕ್ಷಮಿಸಿದಳು. ಗಂಗಾಳ ಹತ್ತಿರ ಕ್ಷಮೆ ಕೇಳಬೇಕೆಂದರೆ ಯಜಮಾನರ ಎದುರು ಮತ್ತೆ ಅದೇ ಮಾತು ಎತ್ತಬೇಕಿತ್ತು, ಅದಕ್ಕಾಗಿಯೂ ನಾನು ಆ ಮನೆಗೆ ಮತ್ತೆ ಹೋಗುವಂತಿರಲಿಲ್ಲ.